ಬ್ರಾಡ್‌ಮನ್ ಟೋಪಿಗೆ ₹2.6 ಕೋಟಿ, ಬೇಬ್ ರೂತ್ ಜೆರ್ಸಿಗೆ ₹202 ಕೋಟಿ

ಬೇಸ್‌ಬಾಲ್ ಆಟಗಾರ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ ತೊಟ್ಟಿದ್ದ ಜೆರ್ಸಿ 2024ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 2.412 ಕೋಟಿ ಡಾಲರ್‌ಗೆ ಹೋಯಿತು. ಅಂದಿನ ವಿನಿಮಯ ದರದಲ್ಲಿ ಸುಮಾರು ₹202 ಕೋಟಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾನಮ್ಸ್ ಸಂಸ್ಥೆ ಸಿಡ್ನಿಯಲ್ಲಿ ಡಾನ್ ಬ್ರಾಡ್‌ಮನ್ ಅವರ ‘ಬ್ಯಾಗಿ ಗ್ರೀನ್’ ಟೋಪಿಯೊಂದನ್ನು ಹರಾಜಿಗಿಟ್ಟಿತು. ಅದಕ್ಕೆ ಬಂದದ್ದು 4,79,700 ಆಸ್ಟ್ರೇಲಿಯನ್ ಡಾಲರ್, ಸುಮಾರು ₹2.6 ಕೋಟಿ. ಎರಡರ ನಡುವಿನ ಅಂತರ 77 ಪಟ್ಟು.

ಆ ಟೋಪಿಗೆ ಚರಿತ್ರೆ ಕಡಿಮೆ ಇರಲಿಲ್ಲ. ಅದು 1947–48ರದು, ಸ್ವತಂತ್ರ ಭಾರತ ಆಡಿದ ಮೊದಲ ಟೆಸ್ಟ್ ಸರಣಿಯದು. ಆ ಸರಣಿಯಲ್ಲಿ ಬ್ರಾಡ್‌ಮನ್ ಗಳಿಸಿದ್ದು 715 ರನ್, ಸರಾಸರಿ 178.75. ಟೋಪಿಯನ್ನು ಅವರು ಭಾರತ ತಂಡದ ಮ್ಯಾನೇಜರ್ ಪಂಕಜ್ ಗುಪ್ತ ಅವರಿಗೆ ಕೊಟ್ಟಿದ್ದರು. ಹರಾಜಿಗೆ ಬರುವ ಹೊತ್ತಿಗೆ ಬಣ್ಣ ಬಿಸಿಲಿಗೆ ಮಾಸಿತ್ತು, ಬಟ್ಟೆಯನ್ನು ಅಲ್ಲಲ್ಲಿ ಹುಳು ತಿಂದಿತ್ತು.

ಕೊನೆಯ ಕೂಗು 3,90,000 ಡಾಲರ್‌ಗೆ ನಿಂತಿತ್ತು. ಉಳಿದ 89,700 ಡಾಲರ್, ಅಂದರೆ ಶೇ 23, ಖರೀದಿದಾರ ಹರಾಜು ಸಂಸ್ಥೆಗೆ ಕಟ್ಟುವ ಶುಲ್ಕ. ವ್ಯವಹಾರದಲ್ಲಿ ಇದನ್ನು ‘ಬೈಯರ್ಸ್ ಪ್ರೀಮಿಯಂ’ ಎನ್ನುತ್ತಾರೆ. ಮಾರುವವರೂ ಕಮಿಷನ್ ಕೊಡಬೇಕಾಗುತ್ತದೆ. ಅದನ್ನು ಶೇ 10 ಎಂದಿಟ್ಟುಕೊಂಡರೆ, ಈ ಟೋಪಿ ಕೊಂಡವರಿಗೆ ಹಾಕಿದ ಹಣ ಮರಳಿ ಬರಲು ಮುಂದಿನ ಹರಾಜಿನ ಕೂಗು 5,33,000 ಡಾಲರ್ ತಲುಪಬೇಕು. ಇದು ಅಂದಿನ ಕೂಗಿಗಿಂತ ಶೇ 36.7 ಹೆಚ್ಚು. ವಿಮೆ, ಸಾಗಣೆ, ಸುಂಕ ಈ ಲೆಕ್ಕದಲ್ಲಿ ಸೇರಿಲ್ಲ.

ಬ್ರಾಡ್‌ಮನ್ ಟೋಪಿಗಳ ಬೆಲೆ ಆ ವೇಗದಲ್ಲಿ ಏರಿಲ್ಲ. ಅವರ 1948ರ ಟೋಪಿ 2003ರಲ್ಲಿ 4,25,000 ಆಸ್ಟ್ರೇಲಿಯನ್ ಡಾಲರ್‌ಗೆ ಮಾರಾಟವಾಗಿತ್ತು. 1928ರ ಚೊಚ್ಚಲ ಸರಣಿಯ ಟೋಪಿ 2020ರಲ್ಲಿ 4,50,000ಕ್ಕೆ ಹೋಯಿತು. ಮೂರೂ ಬೇರೆ ಬೇರೆ ಟೋಪಿಗಳು, ಹಾಗಾಗಿ ನೇರ ಹೋಲಿಕೆ ಆಗದು. ಆದರೂ ದಿಕ್ಕು ಸ್ಪಷ್ಟ: 21 ವರ್ಷಗಳಲ್ಲಿ ಏರಿಕೆ ಶೇ 12.9, ವರ್ಷಕ್ಕೆ ಶೇ 0.6ರಷ್ಟು. ಇದೇ ಅವಧಿಯಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಬೆಲೆ ಸೂಚ್ಯಂಕ ಶೇ 70ಕ್ಕೂ ಹೆಚ್ಚು ಏರಿತು. ಹಣದುಬ್ಬರ ಕಳೆದು ನೋಡಿದರೆ ಬ್ರಾಡ್‌ಮನ್ ಟೋಪಿ ಅಗ್ಗವಾಗಿದೆ.

ಶೇನ್ ವಾರ್ನ್ ಟೋಪಿ 2020ರ ಜನವರಿಯಲ್ಲಿ 10,07,500 ಆಸ್ಟ್ರೇಲಿಯನ್ ಡಾಲರ್ ತಂದಿತ್ತು. ಅದೇ ವರ್ಷ ಮಾರಾಟವಾದ ಬ್ರಾಡ್‌ಮನ್ ಟೋಪಿಗಿಂತ ಇದು 2.2 ಪಟ್ಟು. ಆದರೆ ಆ ಹಣ ಕಾಳ್ಗಿಚ್ಚಿನ ಸಂತ್ರಸ್ತರಿಗೆ ಮೀಸಲಾಗಿತ್ತು, ಕೊಂಡವರು ಟೋಪಿಯ ಜೊತೆಗೆ ದೇಣಿಗೆಯನ್ನೂ ಕೊಟ್ಟರು. ಭಾರತದ ದೊಡ್ಡ ಅಂಕಿಗಳೂ ಹೆಚ್ಚಾಗಿ ಇದೇ ಬಗೆಯವು. ಧೋನಿ 2011ರ ವಿಶ್ವಕಪ್ ಫೈನಲ್‌ನಲ್ಲಿ ಆಡಿದ ಬ್ಯಾಟ್‌ಗೆ ಲಂಡನ್‌ನ ಸಹಾಯಾರ್ಥ ಭೋಜನಕೂಟದಲ್ಲಿ 1 ಲಕ್ಷ ಪೌಂಡ್ ಬಂತು. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ದಂಪತಿ 2024ರಲ್ಲಿ ನಡೆಸಿದ ಹರಾಜಿನಲ್ಲಿ ಒಟ್ಟು ₹1.93 ಕೋಟಿ ಸಂಗ್ರಹವಾಯಿತು. ಅದರಲ್ಲಿ ಕೊಹ್ಲಿ ಜೆರ್ಸಿಯದೇ ₹40 ಲಕ್ಷ, ದ್ರಾವಿಡ್ ಬ್ಯಾಟಿನದು ₹11 ಲಕ್ಷ. ಇವುಗಳನ್ನು ಮಾರುಕಟ್ಟೆ ಬೆಲೆ ಎಂದು ಹಿಡಿದು ಹಣ ಹೂಡುವುದು ತಪ್ಪಾಗುತ್ತದೆ.

ರೂತ್ ಜೆರ್ಸಿ 2005ರಲ್ಲಿ ಮಾರಾಟವಾದಾಗ ಬೆಲೆ 9.4 ಲಕ್ಷ ಡಾಲರ್. 19 ವರ್ಷಗಳಲ್ಲಿ ಅದು 25.7 ಪಟ್ಟಾಯಿತು, ಅಂದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇ 18.6. ಈ ನಡುವೆ ಬಟ್ಟೆ ಬದಲಾಗಿರಲಿಲ್ಲ, ಪುರಾವೆ ಸೇರಿತ್ತು. ಪರಿಣತರು ಜೆರ್ಸಿಯನ್ನು 1932ರ ಆ ಸರಣಿಯ ಛಾಯಾಚಿತ್ರಗಳೊಂದಿಗೆ ತಾಳೆ ಹಾಕಿ ಅದೇ ಎಂದು ದೃಢಪಡಿಸಿದರು. ಈ ಕೆಲಸಕ್ಕೆ ‘ಫೋಟೊ ಮ್ಯಾಚಿಂಗ್’ ಎಂದು ಹೆಸರು.

ಇಂಥ ಪುರಾವೆಯ ಬೆಲೆ ಏನೆಂಬುದಕ್ಕೆ ಫುಟ್‌ಬಾಲ್ ತಾರೆ ಮರಡೋನಾ ಶರ್ಟು ಇನ್ನೊಂದು ಸಾಕ್ಷಿ. 1986ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡಲು ಅರ್ಜೆಂಟೀನಾ ತಂಡ ಹಗುರವಾದ ನೀಲಿ ಶರ್ಟುಗಳನ್ನು ಮೆಕ್ಸಿಕೊ ಸಿಟಿಯ ಅಂಗಡಿಯಲ್ಲೇ ಕೊಂಡಿತ್ತು. ಲಾಂಛನವನ್ನು ಅವಸರದಲ್ಲಿ ಹೊಲಿದು, ಮಿನುಗುವ ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿಯಿಂದ ಅಂಟಿಸಿದ್ದರು. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಜೊತೆ ಮರಡೋನಾ ಶರ್ಟು ಬದಲಿಸಿಕೊಂಡರು. 2022ರಲ್ಲಿ ಅದು ಹರಾಜಿಗೆ ಬಂದಾಗ, ಅದು ಮೊದಲಾರ್ಧದ ಶರ್ಟು, ‘ದೇವರ ಕೈ’ ಗೋಲಿನದಲ್ಲ ಎಂದು ಮರಡೋನಾ ಕುಟುಂಬದವರು ತಕರಾರು ತೆಗೆದರು. ಲಾಂಛನ, ಪಟ್ಟೆ, ಅಂಕಿಗಳು ಕುಳಿತ ರೀತಿಯನ್ನು ಚಿತ್ರಗಳೊಂದಿಗೆ ತಾಳೆ ನೋಡಿದ ಸದಬೀಸ್ ಸಂಸ್ಥೆ, ಆ ಪಂದ್ಯದಲ್ಲಿ ಮರಡೋನಾ ತಮ್ಮ ಎರಡೂ ಗೋಲು ಹೊಡೆದಾಗ ತೊಟ್ಟದ್ದು ಇದೇ ಎಂದಿತು. ಕನಿಷ್ಠ 40 ಲಕ್ಷ ಪೌಂಡ್ ಅಂದಾಜಿದ್ದ ಶರ್ಟಿಗೆ ಬಂದದ್ದು 71.4 ಲಕ್ಷ ಪೌಂಡ್.

ಕ್ರೀಡಾಪಟುಗಳ ಚಿತ್ರವಿರುವ ಸಂಗ್ರಹ ಕಾರ್ಡುಗಳಲ್ಲಿ ಪುರಾವೆಯ ಜಾಗದಲ್ಲಿ ನಿಲ್ಲುವುದು ದರ್ಜೆ. ಅಂಚು, ಮೂಲೆ, ಮುದ್ರಣ ಪರಿಶೀಲಿಸಿ 1ರಿಂದ 10ರವರೆಗೆ ಅಂಕ ಕೊಟ್ಟು, ಕಾರ್ಡನ್ನು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚುವುದೇ ‘ಗ್ರೇಡಿಂಗ್’. ಟಾಪ್ಸ್ ಕಂಪನಿಯ 1952ರ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡ್ 9 ಅಂಕದ್ದು 2018ರಲ್ಲಿ 28.8 ಲಕ್ಷ ಡಾಲರ್‌ಗೆ, 2021ರ ಜನವರಿಯಲ್ಲಿ 52 ಲಕ್ಷಕ್ಕೆ ಹೋಯಿತು. 9.5 ಅಂಕದ ಒಂದು ಕಾರ್ಡ್ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್ ತಂದಿತು. ಅಂಕ ಕೊಟ್ಟ ಸಂಸ್ಥೆ ಬೇರೆ, ನಡುವೆ 19 ತಿಂಗಳು ಕಳೆದಿತ್ತು ಎಂಬುದನ್ನು ಒಪ್ಪಿಕೊಂಡರೂ, ಅರ್ಧ ಅಂಕದ ಹಿಂದೆ 74 ಲಕ್ಷ ಡಾಲರ್ ವ್ಯತ್ಯಾಸವಿದೆ. ಆ ಕಾರ್ಡನ್ನು 1991ರಲ್ಲಿ ಕೊಂಡದ್ದು 50,000 ಡಾಲರ್‌ಗೆ. 31 ವರ್ಷಗಳಲ್ಲಿ 252 ಪಟ್ಟು, ವರ್ಷಕ್ಕೆ ಶೇ 19.5. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಅದೇ ಅವಧಿಯಲ್ಲಿ, ಲಾಭಾಂಶ ಬಿಟ್ಟು, ಸುಮಾರು 10 ಪಟ್ಟಾಗಿತ್ತು.

ಈ ಅಂಕಿಗಳು ಗೆದ್ದವರವು. ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಅವರ 1986ರ ಫ್ಲೀರ್ ಕಾರ್ಡ್, 10 ಅಂಕದ್ದು, 2021ರ ಜನವರಿಯಲ್ಲಿ 7.38 ಲಕ್ಷ ಡಾಲರ್ ಮುಟ್ಟಿತು. ಎರಡು ವರ್ಷದೊಳಗೆ 2 ಲಕ್ಷದ ಆಸುಪಾಸಿಗೆ ಇಳಿಯಿತು. ಕುಸಿತ ಶೇ 73ರಷ್ಟು. ಅದೇ ದರ್ಜೆಯ ಕಾರ್ಡುಗಳು 300ಕ್ಕೂ ಹೆಚ್ಚಿವೆ, ಬೆಲೆ ಏರಿದೊಡನೆ ಮಾರುವವರು ಹೊರಬರುತ್ತಾರೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದೂ ಇಲ್ಲ. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ವರ್ಷಕ್ಕೆ 8,100 ಕೋಟಿ ಕಾರ್ಡುಗಳು ಅಚ್ಚಾದವೆಂದು ವ್ಯಾಪಾರ ಪತ್ರಿಕೆಯೊಂದು ಅಂದಾಜಿಸಿತ್ತು. ತಲೆಗೆ 300ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ಈಗಲೂ ಗಿರಾಕಿ ಇಲ್ಲ.

ಪುರಾವೆಯೇ ಸುಳ್ಳಾಗುವ ಅಪಾಯವೂ ಇದೆ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ 1909–11ರ ಕಾರ್ಡ್‌ನ ಅತಿ ಪ್ರಸಿದ್ಧ ಪ್ರತಿ 1991ರಲ್ಲಿ 4.51 ಲಕ್ಷ ಡಾಲರ್‌ಗೆ, 2007ರಲ್ಲಿ 28 ಲಕ್ಷಕ್ಕೆ ಮಾರಾಟವಾಯಿತು. ಅದರ ದರ್ಜೆ 8. ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದಾಗಿ ಹರಾಜುದಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ವಂಚನೆ ಪ್ರಕರಣದಲ್ಲಿ ಅವರಿಗೆ 20 ತಿಂಗಳ ಶಿಕ್ಷೆಯಾಯಿತು. ಸಹಿ ಹಾಕಿದ ವಸ್ತುಗಳಲ್ಲಿ ವರ್ಷಕ್ಕೆ 10 ಕೋಟಿ ಡಾಲರ್‌ಗೂ ಹೆಚ್ಚಿನವು ನಕಲಿ ಎಂದು ಎಫ್‌ಬಿಐ ಅಂದಾಜಿಸಿತ್ತು.

ಇಂಥ ನಕಲಿಗಳಿಗೆ ಉತ್ತರವಾಗಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ದೃಢೀಕರಣ ವ್ಯವಸ್ಥೆ ಆರಂಭಿಸಿತು. ಪ್ರತಿ ಪಂದ್ಯಕ್ಕೂ ಅಧಿಕಾರಿಯೊಬ್ಬರು ಹಾಜರಿದ್ದು, ಬಳಸಿದ ಚೆಂಡು, ಬ್ಯಾಟು, ಜೆರ್ಸಿಗೆ ಅಲ್ಲೇ ಸಂಖ್ಯೆಯಿರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಅಮೆರಿಕದಲ್ಲಿ ಹಣವಂತ ಸಂಗ್ರಾಹಕರು ಹೆಚ್ಚು ಎಂಬುದು ನಿಜ. 77 ಪಟ್ಟಿನ ಅಂತರಕ್ಕೆ ಅದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ದಾಖಲೆ ಇಡುವ ಶಿಸ್ತಿನ ಪಾಲೂ ಅದರಲ್ಲಿದೆ. ನಮ್ಮಲ್ಲಿ ಹಾಕಿ ದಿಗ್ಗಜ ಬಲ್ಬೀರ್ ಸಿಂಗ್ 1985ರಲ್ಲಿ 36 ಪದಕ, 120 ಛಾಯಾಚಿತ್ರ ಮತ್ತು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಬ್ಲೇಜರನ್ನು ವಸ್ತುಸಂಗ್ರಹಾಲಯಕ್ಕೆಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಪ್ಪಿಸಿದ್ದರು. ಅವು ಅಲ್ಲಿ ಕಾಣೆಯಾದವು, 2020ರಲ್ಲಿ ಅವರು ತೀರಿಕೊಳ್ಳುವವರೆಗೂ ಮರಳಿ ಸಿಗಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಾಗಲಿ ಈಡನ್ ಗಾರ್ಡನ್ಸ್‌ನಲ್ಲಾಗಲಿ, ಪಂದ್ಯ ಮುಗಿದ ದಿನವೇ ಚೆಂಡಿಗೆ, ಜೆರ್ಸಿಗೆ ಒಂದು ಕ್ರಮಸಂಖ್ಯೆ ಬೀಳುವಂತೆ ಮಾಡಲು ಕ್ರಿಕೆಟ್ ಮಂಡಳಿಗೆ ತಗಲುವ ಖರ್ಚು ಬ್ರಾಡ್‌ಮನ್ ಟೋಪಿಯ ಬೆಲೆಯ ಮುಂದೆ ಅಲ್ಪ. ಆ ಕೆಲಸ ಈ ಋತುವಿನಲ್ಲೇ ಶುರುವಾಗಬೇಕು.