ಆರರಿಂದ ಎಂಟು: ಮನೆಯಲ್ಲೇ ಕಲಿಯುವ ಮಗುವಿಗೆ ಯಾವ ಪುಸ್ತಕ?

ಶಾಲೆ ಬಿಡಿಸಿ, ಆರನೇ ತರಗತಿಯ ವಯಸ್ಸಿನ ಮಗುವನ್ನು ಮನೆಯಲ್ಲೇ ಓದಿಸಲು ಹೊರಟ ಹೈದರಾಬಾದಿನ ತಂದೆತಾಯಿಯ ಕಣ್ಣಿಗೆ ಬೇಗ ಬೀಳುವುದು ಇಡೀ ವರ್ಷದ ಓದು ಒಂದೇ ಪೆಟ್ಟಿಗೆಯಲ್ಲಿ ಬರುವ ಹೋಮ್‌ಸ್ಕೂಲಿಂಗ್ ಪ್ಯಾಕೇಜು. ಪಠ್ಯಪುಸ್ತಕ, ವರ್ಕ್‌ಬುಕ್, ಪಾಲಕರ ಕೈಪಿಡಿ, ಯಾವ ದಿನ ಎಷ್ಟು ಪುಟ ಎಂಬ ವೇಳಾಪಟ್ಟಿ, ಎಲ್ಲವೂ ಸಿದ್ಧ. ಒಳಗೊಳಗೇ ಅಳುಕುವ ಪಾಲಕರಿಗೆ ಅದು ದೊಡ್ಡ ಧೈರ್ಯ. ಆದರೆ ಅಮೆರಿಕದಿಂದ ಬಂದ ಸೆಟ್ಟಾದರೆ ಅದರಲ್ಲಿ ಲೆಕ್ಕಗಳು ಡಾಲರ್, ಸೆಂಟುಗಳಲ್ಲಿ. ಅಳತೆ ಅಡಿ, ಇಂಚು, ಪೌಂಡುಗಳಲ್ಲಿ. ಇತಿಹಾಸವೆಂದರೆ ಅಲ್ಲಿನ ಅಂತರ್ಯುದ್ಧ. ಮೆಹದಿಪಟ್ಟಣಂ ರೈತು ಬಜಾರಿನಲ್ಲಿ ಕಿಲೋ ಲೆಕ್ಕದಲ್ಲಿ ಟೊಮೆಟೊ ತರುವ ಮಗುವಿಗೆ ಔನ್ಸಿನ ಲೆಕ್ಕ ಕಲಿಸಲು ಅಷ್ಟು ದುಡ್ಡು ಸುರಿಯಬೇಕಿಲ್ಲ.

ಆರರಿಂದ ಎಂಟನೇ ತರಗತಿಯ ಈ ಮೂರು ವರ್ಷ ಮನೆಯಲ್ಲಿ ಕಲಿಯುವವರ ಪಾಲಿಗೆ ಬಲು ಬೆಲೆಯುಳ್ಳ ಕಾಲ. ಓದು ಬರಹ ಕೈಗೆ ಹತ್ತಿರುತ್ತದೆ, ಬೋರ್ಡ್ ಪರೀಕ್ಷೆ ಇನ್ನೂ ದೂರವಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಮನೆಯಲ್ಲೇ ಕಲಿಸುವವರ ಮಾತನ್ನು ಎತ್ತುವುದಿಲ್ಲ, ಸೇರಿಸದ ಪಾಲಕರಿಗೆ ದಂಡವನ್ನೂ ಹೇಳುವುದಿಲ್ಲ. ಈ ಮಬ್ಬಿನಲ್ಲಿ ಅನೇಕ ಕುಟುಂಬಗಳು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. ಅದರ ಮೂಲಶಿಕ್ಷಣ ಕಾರ್ಯಕ್ರಮದ ‘ಸಿ’ ಹಂತ ಎಂಟನೇ ತರಗತಿಗೆ ಸಮ. ಹತ್ತನೆಯದಕ್ಕೆ ಮಗುವಿಗೆ 14 ತುಂಬಿರಬೇಕು. ಅಲ್ಲಿಯವರೆಗೆ ಏನು ಓದಿಸುವುದು, ಯಾವ ಕ್ರಮದಲ್ಲಿ ಓದಿಸುವುದು ಎಂಬುದು ಮನೆಯವರ ಕೈಯಲ್ಲೇ ಇದೆ. ಆ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಒಂದು ಪೆಟ್ಟಿಗೆಯೊಳಗಿಟ್ಟು ಮುಚ್ಚುವುದು ನಷ್ಟದ ವ್ಯಾಪಾರ.

ಗಣಿತಕ್ಕೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಒಂದು ಆಧಾರಪುಸ್ತಕ ಬೇಕೇ ಬೇಕು. ಅದು ದುಬಾರಿಯಾಗಿರಬೇಕಿಲ್ಲ. ಎನ್‌ಸಿಇಆರ್‌ಟಿ 2024ರಲ್ಲಿ ಆರನೇ ತರಗತಿಗೆ ತಂದ ‘ಗಣಿತ ಪ್ರಕಾಶ್’ ಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಕಂಡುಹಿಡಿದ 6174ರ ಚಮತ್ಕಾರವಿದೆ. ಎಲ್ಲವೂ ಒಂದೇ ಆಗಿರದ ನಾಲ್ಕು ಅಂಕಿಗಳನ್ನು ತೆಗೆದುಕೊಳ್ಳಿ, ಉದಾಹರಣೆಗೆ 6382. ಅವುಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ: 8632ರಿಂದ 2368 ಕಳೆದರೆ 6264. ಮತ್ತೆ ಹಾಗೇ ಮಾಡಿದರೆ 4176, ಇನ್ನೊಮ್ಮೆ ಮಾಡಿದರೆ 6174. ಬೇರೆ ಅಂಕಿಗಳಿಂದ ಹೊರಟರೂ ಕೊನೆಗೆ ತಲುಪುವುದು ಅಲ್ಲಿಗೇ. ಹನ್ನೊಂದರ ಮಗುವೊಂದು ಇದನ್ನು ಪರೀಕ್ಷಿಸುತ್ತ ಕೂತರೆ ಕಳೆಯುವ ಲೆಕ್ಕದ ಅಭ್ಯಾಸ ತಾನಾಗಿಯೇ ಆಗಿಹೋಗುತ್ತದೆ. ಈ ಪುಸ್ತಕದ ಜೊತೆಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಗಣಿತ ಪುಸ್ತಕವನ್ನೂ ಇಟ್ಟುಕೊಂಡರೆ ಹೈದರಾಬಾದಿನ ಕನ್ನಡ ಮನೆಗಳಿಗೆ ಅನುಕೂಲ. ಅದರ ಪಿಡಿಎಫ್ ಕೂಡ ಉಚಿತ. ಅಜ್ಜ ಮೊಮ್ಮಗಳಿಗೆ ಭಿನ್ನರಾಶಿ ವಿವರಿಸುವಾಗ ಅಂಶ, ಛೇದ ಎಂಬ ಮಾತುಗಳು ಇಬ್ಬರಿಗೂ ಗೊತ್ತಿರಬೇಕಲ್ಲ.

ವಿಜ್ಞಾನದ ಮಾತು ಬೇರೆ. ಇಲ್ಲಿ ಪುಸ್ತಕವನ್ನು ಅಳೆಯಲು ಒಂದು ಒಳ್ಳೆಯ ಮಾದರಿ ಮಧ್ಯಪ್ರದೇಶದಲ್ಲಿದೆ. 1972ರಲ್ಲಿ ಹೊಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇದೇ ಆರರಿಂದ ಎಂಟನೇ ತರಗತಿಯ ಮಕ್ಕಳಿಗಾಗಿಯೇ ರೂಪುಗೊಂಡಿತ್ತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು. ಕಾರ್ಯಕ್ರಮ ಹೋದರೂ ‘ಬಾಲ್ ವೈಜ್ಞಾನಿಕ್’ ಪುಸ್ತಕಗಳು ಉಳಿದಿವೆ. ಅವುಗಳ ಗುಣವೆಂದರೆ ಪ್ರಶ್ನೆ ಕೇಳಿ, ಪ್ರಯೋಗ ಮಾಡಿಸಿ, ಉತ್ತರವನ್ನು ಮಗುವಿಗೇ ಬಿಡುವುದು. ಹಿಂದಿ ಮತ್ತು ದಖ್ಖನಿ ಕಿವಿಗೆ ಬಿದ್ದು ಬೆಳೆದ ಹೈದರಾಬಾದಿನ ಮಕ್ಕಳಿಗೆ ಈ ಹಿಂದಿ ಪುಸ್ತಕಗಳು ಕಷ್ಟವಾಗಲಾರವು. ಆ ಕಾರ್ಯಕ್ರಮ ನಡೆಯುತ್ತಿದ್ದ ಹಳ್ಳಿಯ ಸಂತೆಯಲ್ಲಿ ಸಿಗುವ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು ಸೇರಿಸಿ ಮಾದರಿಗಳನ್ನು ಮಾಡತೊಡಗಿದ ಅರವಿಂದ ಗುಪ್ತ, ಕಸದಿಂದ ಆಟಿಕೆ ಮಾಡುವ ನೂರಾರು ಬಗೆಗಳನ್ನು ಉಚಿತವಾಗಿ ಹಂಚಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದುಬಾರಿ ಸೈನ್ಸ್ ಕಿಟ್ ಕೊಳ್ಳುವ ಮುನ್ನ ಅವನ್ನೊಮ್ಮೆ ನೋಡುವುದು ಒಳ್ಳೆಯದು. ಕಿಟ್ಟಿನ ಬ್ಯಾಟರಿ ಮುಗಿದ ಮೇಲೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಕಾಗದ, ರಬ್ಬರ್‌ಬ್ಯಾಂಡ್, ಆಯಸ್ಕಾಂತ ಮನೆಯಲ್ಲಿ ಯಾವಾಗಲೂ ಇರುತ್ತವೆ.

ಸಮಾಜ ವಿಜ್ಞಾನಕ್ಕೆ ಹೈದರಾಬಾದಿಗಿಂತ ದೊಡ್ಡ ಕಲಿಕಾ ಸಾಮಗ್ರಿ ಯಾವ ಅಂಗಡಿಯಲ್ಲೂ ಸಿಗದು. ಮೂಸಿ ನದಿಯ ಕತೆಯನ್ನೇ ನೋಡಿ. 1908ರ ಸೆಪ್ಟೆಂಬರ್ 28ರಂದು ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಅಂದು ಅನೇಕರ ಜೀವ ಉಳಿಸಿತೆಂದು ಜನ ನೆನೆಯುವ ಹುಣಸೆ ಮರ ಇದೆ. ಮರುವರ್ಷ ನಿಜಾಮರ ಸರ್ಕಾರದ ಕರೆಯ ಮೇಲೆ ಬಂದವರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಪ್ರವಾಹದ ನೀರನ್ನು ಊರಿನ ಮೇಲ್ಭಾಗದಲ್ಲೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಅವರು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಈ ಒಂದು ಘಟನೆಯಲ್ಲಿ ಜಲಾನಯನ ಪ್ರದೇಶದ ಭೂಗೋಳವಿದೆ, ಘನ ಅಳತೆಯ ಗಣಿತವಿದೆ, ರಾಜಾಡಳಿತದ ಇತಿಹಾಸವಿದೆ. ಮಗು ಓದಲು ಬೇಕಾದದ್ದು ಒಂದು ಒಳ್ಳೆಯ ನಕ್ಷೆ, ವಿಶ್ವೇಶ್ವರಯ್ಯನವರ ಆತ್ಮಕಥನದ ಹೈದರಾಬಾದ್ ಭಾಗ, ಉಸ್ಮಾನ್ ಸಾಗರವಿರುವ ಗಂಡಿಪೇಟೆಗೆ ಒಂದು ದಿನದ ಸುತ್ತಾಟ. ಅದೇ ಅಫ್ಜಲ್‌ಗಂಜಿನಲ್ಲಿ, 1891ರಲ್ಲಿ ಆರಂಭವಾದ ಆಸಫಿಯಾ ಗ್ರಂಥಾಲಯ ಇಂದು ರಾಜ್ಯ ಕೇಂದ್ರ ಗ್ರಂಥಾಲಯವಾಗಿ ನಿಂತಿದೆ. ತೆಲುಗು, ಉರ್ದುವಿನ ಜೊತೆ ಕನ್ನಡ ಪುಸ್ತಕಗಳೂ ಅಲ್ಲಿವೆ.

ಜೀವವಿಜ್ಞಾನಕ್ಕೂ ಊರು ಕೈಬಿಡುವುದಿಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುವ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಮನೆಯಲ್ಲಿದ್ದರೆ, ನಿಂತ ನೀರಿನ ಹನಿಯೊಂದನ್ನು ಅದರಡಿ ಇಟ್ಟು ನೋಡಿದ ಮಗುವಿಗೆ ರಾಸ್‌ನ ಕೆಲಸದ ಕಷ್ಟ ಅರ್ಥವಾಗುತ್ತದೆ. ಜುಬಿಲಿ ಹಿಲ್ಸಿನ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಶಿಲೆಗಳ ಪಾಠಕ್ಕೆ ಪ್ಲಾಸ್ಟಿಕ್ ಡಬ್ಬಿಯ ಕಲ್ಲುಗಳನ್ನು ಆನ್‌ಲೈನಿನಲ್ಲಿ ತರಿಸುವ ಅಗತ್ಯ ಈ ಊರಿನವರಿಗಿಲ್ಲ.

ಇನ್ನು ಕೊಳ್ಳುವ ಜಾಗ. ಭಾನುವಾರ ಅಬಿಡ್ಸ್‌ನಲ್ಲಿ ಮುಚ್ಚಿದ ಅಂಗಡಿಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಕೋಠಿಯಲ್ಲಿ ಸೆಕೆಂಡ್‌ಹ್ಯಾಂಡ್ ಪಠ್ಯಪುಸ್ತಕಗಳ ಅಂಗಡಿಗಳಿವೆ. ಮಗುವನ್ನು ಕರೆದುಕೊಂಡೇ ಹೋಗಬೇಕು, ಏಕೆಂದರೆ ತಾನೇ ಆರಿಸಿ ತಂದ ಪುಸ್ತಕವನ್ನು ಅದು ಓದುವ ಹುಮ್ಮಸ್ಸೇ ಬೇರೆ. ಆದರೆ ಹಳೆಯದನ್ನು ಕೊಳ್ಳುವಾಗ ಕಣ್ಣು ತೆರೆದಿರಬೇಕು. ಅಟ್ಲಾಸ್ ಆದರೆ ಮೊದಲು ತೆಲಂಗಾಣ ಹುಡುಕಿ: 2014ರ ಜೂನ್ 2ರ ಹಿಂದಿನದಾದರೆ ಆ ರಾಜ್ಯವೇ ಇರುವುದಿಲ್ಲ. ಜಿಲ್ಲೆಗಳ ನಕ್ಷೆಯಲ್ಲಿ ಕರ್ನಾಟಕದ ಗಡಿಗೆ ತಾಗಿದ ನಾರಾಯಣಪೇಟ ಕಾಣದಿದ್ದರೆ ಅದು 2019ಕ್ಕಿಂತ ಹಳೆಯದು. ಖಗೋಳದ ಪುಸ್ತಕ ಪ್ಲೂಟೊವನ್ನು ಒಂಬತ್ತನೇ ಗ್ರಹವೆಂದರೆ 2006ರ ಹಿಂದಿನದು. ಕತೆ, ಜೀವನಚರಿತ್ರೆ, ಒಗಟಿನ ಪುಸ್ತಕಗಳಿಗೆ ಈ ಭಯವಿಲ್ಲ. ಎಷ್ಟು ಹಳೆಯದಾದರೂ ಹೊತ್ತು ತರಬಹುದು.

ಕನ್ನಡದ ಕಪಾಟು ಈ ವಯಸ್ಸಿಗೆ ನಿಜಕ್ಕೂ ಶ್ರೀಮಂತವಾಗಿದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂತು. ಇವುಗಳ ಅಂಕಿಅಂಶ ಹಳತಾಗಿವೆ, ಆದರೆ ಕ್ಲಿಷ್ಟ ವಿಷಯವನ್ನು ಮಗುವಿನ ಮುಂದೆ ಕೂತು ಹೇಳುವ ಕನ್ನಡ ಹಳತಾಗಿಲ್ಲ. ಹನ್ನೆರಡು ದಾಟಿದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ತೇಜಸ್ವಿಯವರ ‘ಪರಿಸರದ ಕತೆ’ ಯಾವ ಸಸ್ಯಶಾಸ್ತ್ರ, ಪರಿಸರ ಪಠ್ಯಕ್ಕೂ ಕಡಿಮೆಯಿಲ್ಲ. ಇನ್ನೂ ಕನ್ನಡ ಓದು ತಡವರಿಸುವ ಮಗುವಾದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಹಂತ ಹಂತವಾಗಿ ಜೋಡಿಸಿದ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ತೆಲುಗನ್ನೂ ಮರೆಯುವಂತಿಲ್ಲ. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ ಮಾಡುವ ಕಾಯ್ದೆ 2018ರಲ್ಲಿ ಬಂದಿದೆ. ಮಗು ಮುಂದೆಂದಾದರೂ ಶಾಲೆಗೆ ಮರಳುವುದಾದರೆ ಅದು ಬೇಕಾಗುತ್ತದೆ. ಸಿಕಂದರಾಬಾದಿನ ‘ಮಂಚಿ ಪುಸ್ತಕಂ’ ಪ್ರಕಾಶನದ ಮಕ್ಕಳ ಪುಸ್ತಕಗಳು ಅದಕ್ಕೆ ಒಳ್ಳೆಯ ಮೊದಲ ಹೆಜ್ಜೆ. ಕನ್ನಡ ಲಿಪಿ ಬಲ್ಲವರಿಗೆ ತೆಲುಗು ಅಕ್ಷರ ಗುರುತಿಸುವುದು ಅರ್ಧ ಕೆಲಸ ಮುಗಿದಂತೆಯೇ.

ಯಾವ ಪುಸ್ತಕವನ್ನಾದರೂ ಕೊಳ್ಳುವ ಮುಂಚೆ ನಡುವಿನ ಒಂದು ಅಧ್ಯಾಯವನ್ನು ಪಾಲಕರು ತಾವೇ ಓದಿ, ಅದರ ಒಂದು ಚಟುವಟಿಕೆಯನ್ನು ತಾವೇ ಮಾಡಿ ನೋಡಬೇಕು. ಮೊದಲ ಅಧ್ಯಾಯ ಎಲ್ಲ ಪುಸ್ತಕಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಬಿಟ್ಟ ಸ್ಥಳ ತುಂಬುವುದೇ ಅಭ್ಯಾಸವಾಗಿರುವ ಪುಸ್ತಕವನ್ನು ಕೆಳಗಿಡಬಹುದು. ಮಗು ಅದೇ ಅಧ್ಯಾಯದ ಒಂದು ಪುಟ ಓದಿ ತನ್ನ ಮಾತಿನಲ್ಲಿ ಹೇಳಬಲ್ಲದಾದರೆ ಪುಸ್ತಕದ ಮಟ್ಟ ಸರಿಯಾಗಿದೆ. ಮುಖಪುಟದ ಮೇಲೆ ಏಳನೇ ತರಗತಿ ಎಂದಿದ್ದು ಮಗುವಿಗೆ ಐದನೆಯದು ಬೇಕಿದ್ದರೆ ಐದನೆಯದನ್ನೇ ಕೊಡಿಸುವ ಧೈರ್ಯ ಬೇಕು. ಮನೆಯಲ್ಲಿ ಕಲಿಸುವುದರ ದೊಡ್ಡ ಲಾಭವೇ ಅದು.

ಹದಿಮೂರು ತುಂಬುವ ಹೊತ್ತಿಗೆ ಲೆಕ್ಕಾಚಾರ ಬದಲಾಗುತ್ತದೆ. ಎನ್‌ಐಒಎಸ್ ಹತ್ತನೆಯ ಹಂತದಲ್ಲಿ ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಹೀಗಾಗಿ ವಿಷಯಗಳನ್ನು ಒಂದೊಂದಾಗಿಯೂ ಮುಗಿಸಬಹುದು. ಪಠ್ಯಗಳು ಸಂಸ್ಥೆಯ ಜಾಲತಾಣದಲ್ಲಿವೆ. ಎಂಟನೇ ತರಗತಿಯ ಓದಿನ ನಡುವೆಯೇ ಅವನ್ನು ತೆರೆದು, ಮಗು ಎಲ್ಲಿ ಹಿಂದಿದೆ ಎಂದು ನೋಡಿಕೊಂಡರೆ ಕೊನೆಯ ಗಡಿಬಿಡಿ ತಪ್ಪುತ್ತದೆ. ಆಯ್ದುಕೊಳ್ಳಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.