ಅಗ್ಗದ ಕಾರೋ, ಮಿತವ್ಯಯದ ಕಾರೋ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಈ ಕಾಲದ ಗೃಹಸ್ಥರು ಅದಕ್ಕೆ “ಕಾರು ಕೊಂಡು ನೋಡು” ಎಂಬ ಮೂರನೆಯ ಮಾತನ್ನು ಸೇರಿಸಿದರೆ ಅತಿಶಯೋಕ್ತಿಯಾಗಲಾರದು. ಮಧ್ಯಮ ವರ್ಗದ ಸಂಸಾರದಲ್ಲಿ ಮನೆಯನ್ನು ಬಿಟ್ಟರೆ ಇಷ್ಟು ದೊಡ್ಡ ಮೊತ್ತವನ್ನು ಒಂದೇ ವಸ್ತುವಿಗೆ ಸುರಿಯುವ ಸಂದರ್ಭ ಬೇರೊಂದಿಲ್ಲ. ಮನೆಯ ಬೆಲೆಯಾದರೋ ವರ್ಷ ಕಳೆದಂತೆ ಏರಬಹುದು. ಕಾರಿನ ಬೆಲೆ ಮಾತ್ರ ಅದು ಅಂಗಡಿಯ ಬಾಗಿಲು ದಾಟಿದ ಕ್ಷಣದಿಂದಲೇ ಇಳಿಯತೊಡಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ನಾಲ್ಕು ಬಾರಿ ಯೋಚಿಸುವುದು ಜಿಪುಣತನವಲ್ಲ, ಜಾಣತನ.

ಒಂದು ಕಾಲದಲ್ಲಿ ಈ ಯೋಚನೆಗೆ ಅವಕಾಶವೇ ಇರಲಿಲ್ಲ. 1960ರ ದಶಕದಲ್ಲಿ ಹೊಸ ಕಾರು ಬೇಕೆಂದವನಿಗೆ ಉತ್ತರಪಾರದ ಅಂಬಾಸಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ – ಈ ಮೂರೇ ಗತಿ. ಹಣ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾದವರುಂಟು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಅದರ ಒಡೆಯರ ಕೈಗಿತ್ತಾಗ, ಚಿಕ್ಕ ಸಂಸಾರಕ್ಕೊಂದು ಚಿಕ್ಕ ಕಾರು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿತು. ಕೇವಲ 796 ಸಿ.ಸಿ.ಯ ಆ ಪುಟ್ಟ ಎಂಜಿನ್ ದೇಶದ ರಸ್ತೆಗಳ ಚಹರೆಯನ್ನೇ ಬದಲಿಸಿತು.

ಮುಂದೆ ‘ಲಕ್ಷ ರೂಪಾಯಿಯ ಕಾರು’ ಎಂದು ಜಗತ್ತೆಲ್ಲ ಬೆರಗಾಗಿ ನೋಡಿದ ಟಾಟಾ ನ್ಯಾನೊ 2008ರಲ್ಲಿ ಪ್ರದರ್ಶನಗೊಂಡು, 2009ರಲ್ಲಿ ಮಾರುಕಟ್ಟೆಗೆ ಬಂದಿತು. 2014ರ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ಒಂದು ನಕ್ಷತ್ರವೂ ದೊರೆಯಲಿಲ್ಲ. 2018ರಲ್ಲಿ ತಯಾರಿಕೆಯೇ ನಿಂತಿತು. ಅದನ್ನು ‘ಅತ್ಯಂತ ಅಗ್ಗದ ಕಾರು’ ಎಂದು ಪ್ರಚಾರ ಮಾಡಿದ್ದೇ ತಪ್ಪಾಯಿತೆಂದು ಸ್ವತಃ ರತನ್ ಟಾಟಾ ಅವರೇ ಮುಂದೆ ಹೇಳಿದರು. ಕೊಳ್ಳುವವರಿಗೂ ಇದರಲ್ಲೊಂದು ಪಾಠವಿದೆ. ಅಗ್ಗ ಬೇರೆ, ಮಿತವ್ಯಯ ಬೇರೆ. ಅಗ್ಗವೆಂಬುದು ಕೊಳ್ಳುವ ದಿನದ ಮಾತು. ಮಿತವ್ಯಯವೆಂಬುದು ಹತ್ತು ವರ್ಷಗಳ ಲೆಕ್ಕ.

ಫಲಕದ ಬೆಲೆ, ಮನೆ ಬಾಗಿಲಿನ ಬೆಲೆ

ಚಿಕ್ಕ ಕಾರುಗಳನ್ನು ಕೊಳ್ಳುವವರಿಗೆ 2025ರ ಸೆಪ್ಟೆಂಬರ್ 22 ಶುಭದಿನವೆಂದೇ ಹೇಳಬೇಕು. ನಾಲ್ಕು ಮೀಟರಿಗಿಂತ ಹೆಚ್ಚು ಉದ್ದವಿಲ್ಲದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಮೇಲಿದ್ದ ಶೇಕಡಾ 28ರ ಸರಕು ಮತ್ತು ಸೇವಾ ತೆರಿಗೆಯೂ ಅದರ ಮೇಲಿನ ಉಪಕರವೂ ಹೋಗಿ, ಅಂದಿನಿಂದ ತೆರಿಗೆ ಶೇಕಡಾ 18ಕ್ಕೆ ಇಳಿಯಿತು. ಮಾರುತಿಯ ಆಲ್ಟೊ ಕೆ-10, ಸೆಲೆರಿಯೊ, ವ್ಯಾಗನ್-ಆರ್, ಟಾಟಾದ ಟಿಯಾಗೊ, ರೆನೊ ಕ್ವಿಡ್ ಮೊದಲಾದ ಪೆಟ್ರೋಲ್ ಕಾರುಗಳೆಲ್ಲ ಈ ಮಿತಿಯೊಳಗಿನವೇ.

ಆದರೆ ಜಾಹೀರಾತಿನಲ್ಲಿ ಕಾಣುವುದು ಅಂಗಡಿಯ ಬೆಲೆ ಮಾತ್ರ. ಕಾರು ಮನೆಯ ಮುಂದೆ ಬಂದು ನಿಲ್ಲುವ ವೇಳೆಗೆ ಅದಕ್ಕೆ ಜೀವಾವಧಿ ರಸ್ತೆ ತೆರಿಗೆ, ವಿಮೆ, ನೋಂದಣಿ ಎಲ್ಲವೂ ಸೇರಿರುತ್ತವೆ. ರಸ್ತೆ ತೆರಿಗೆಯ ಭಾರ ಹೆಚ್ಚಾಗಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. 2025ರ ದರದಂತೆ ಐದು ಲಕ್ಷದವರೆಗಿನ ಕಾರಿಗೆ ಶೇಕಡಾ 13, ಐದರಿಂದ ಹತ್ತು ಲಕ್ಷದವರೆಗೆ ಶೇಕಡಾ 14; ಇದರ ಮೇಲೆ ಉಪಕರ ಬೇರೆ. ಐದೂವರೆ ಲಕ್ಷದ ಕಾರಿಗೆ ತೆರಿಗೆಯೊಂದೇ 77,000 ರೂಪಾಯಿಯಾಗುತ್ತದೆ. 4,95,000 ರೂಪಾಯಿಯ ಕಾರಿಗೆ 64,350 ಕೊಡಬೇಕಾದಲ್ಲಿ, 5,05,000 ರೂಪಾಯಿಯ ಕಾರಿಗೆ 70,700 ಕೊಡಬೇಕು. ಬಣ್ಣದ ಗಾಜಿಗೋ ಹೊಳೆಯುವ ಪಟ್ಟಿಗೋ ಆಸೆಪಟ್ಟು ಐದು ಲಕ್ಷದ ಗೆರೆ ದಾಟುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ವಿಮೆಯ ವಿಷಯವೂ ಹೀಗೆಯೇ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. 2022ರ ಅಧಿಸೂಚನೆಯಂತೆ ಮೂರು ವರ್ಷಕ್ಕೆ 1000 ಸಿ.ಸಿ. ಮೀರದ ಕಾರಿಗೆ 6,521 ರೂಪಾಯಿ, ಅದನ್ನು ಮೀರಿ 1500 ಸಿ.ಸಿ.ವರೆಗಿನದಕ್ಕೆ 10,640 ರೂಪಾಯಿ. ಈ ವಿಮೆಯನ್ನು ಕಾರು ಮಾರುವವರಿಂದಲೇ ಕೊಳ್ಳಬೇಕೆಂಬ ಕಟ್ಟಳೆಯೇನೂ ಇಲ್ಲ. ನಾಲ್ಕು ಕಡೆ ವಿಚಾರಿಸಿ ಕೊಳ್ಳುವ ಸ್ವಾತಂತ್ರ್ಯ ಗ್ರಾಹಕನದು.

ಸಾಲ ಮಾಡಿ ಕೊಳ್ಳುವವರು ತಿಂಗಳ ಕಂತು ಹಗುರವಾಗಿ ಕಂಡಿತೆಂದು ಹಿಗ್ಗಬಾರದು. ಶೇಕಡಾ 9ರ ಬಡ್ಡಿಯಲ್ಲಿ ಐದು ಲಕ್ಷದ ಸಾಲವನ್ನು ಐದು ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 10,380 ರೂಪಾಯಿ. ಏಳು ವರ್ಷಗಳಿಗೆ ಎಳೆದರೆ ಸುಮಾರು 8,045. ತಿಂಗಳಿಗೆ ಎರಡು ಸಾವಿರಕ್ಕೂ ಮಿಕ್ಕಿ ಉಳಿಯಿತಲ್ಲ ಎನಿಸುತ್ತದೆ. ಆದರೆ ಕೊನೆಗೆ ಕೊಟ್ಟ ಬಡ್ಡಿ 1,22,000ದಿಂದ 1,75,000ಕ್ಕೆ ಏರಿರುತ್ತದೆ. ಐವತ್ತು ಸಾವಿರಕ್ಕೂ ಹೆಚ್ಚಿನ ಈ ಹಣದಲ್ಲಿ ಎಷ್ಟೋ ವರ್ಷಗಳ ಸರ್ವಿಸ್ ನಡೆದುಹೋಗುತ್ತಿತ್ತು!

ಸಂಸಾರಕ್ಕೆ ತಕ್ಕ ಗಾತ್ರ

ಎರಡನೆಯ ಪ್ರಶ್ನೆ: ಕಾರಿನಲ್ಲಿ ಕೂರುವವರು ಯಾರು? ಗಂಡ, ಹೆಂಡತಿ, ಒಂದು ಮಗು – ಇಷ್ಟೇ ಆದರೆ ಮೂರೂವರೆ ಮೀಟರ್ ಉದ್ದದ ಆಲ್ಟೊ ಸಾಕು. ಇಕ್ಕಟ್ಟಾದ ಬೀದಿಯಲ್ಲಿ ನುಸುಳುವುದಕ್ಕೂ, ಗೇಟಿನೊಳಗೆ ನಿಲ್ಲಿಸುವುದಕ್ಕೂ ಅದರಷ್ಟು ಸುಲಭವಾದದ್ದು ವಿರಳ. ಆದರೆ ಮಂಡಿನೋವಿನ ತಾಯಿಯೋ ಅತ್ತೆಯೋ ಮನೆಯಲ್ಲಿದ್ದರೆ ಸೀಟಿನ ಎತ್ತರವನ್ನು ಮೊದಲು ನೋಡಬೇಕು. ತಗ್ಗಿನ ಸೀಟಿಗೆ ಇಳಿದು ಕೂತು, ಮತ್ತೆ ಎದ್ದು ಬರುವುದು ವಯಸ್ಸಾದವರಿಗೆ ಬೆಟ್ಟ ಹತ್ತಿದಂತೆ. ವ್ಯಾಗನ್-ಆರ್‌ನಂಥ ಎತ್ತರದ ಮೈಕಟ್ಟಿನ ಕಾರು ಇಷ್ಟು ವರ್ಷ ಜನಪ್ರಿಯವಾಗಿ ಉಳಿದಿರುವುದಕ್ಕೆ ಈ ಅನುಕೂಲವೂ ಒಂದು ಕಾರಣ.

ಸಾಮಾನು ಇಡುವ ಡಿಕ್ಕಿಯ ಅಳತೆಯಲ್ಲೂ ಅಂತರವಿದೆ. ಆಲ್ಟೊದಲ್ಲಿ 214 ಲೀಟರ್, ಟಿಯಾಗೊದಲ್ಲಿ 242, ಕ್ವಿಡ್‌ನಲ್ಲಿ 279, ವ್ಯಾಗನ್-ಆರ್‌ನಲ್ಲಿ 341. ಊರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಹಲಸಿನಹಣ್ಣು ತರುವ ಸಂಸಾರಕ್ಕೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಜೆಯಲ್ಲಿ ಐದು ಜನರನ್ನು ಹೊತ್ತು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಏರಬೇಕಾದಾಗ ಒಂದು ಲೀಟರಿನ ಎಂಜಿನ್ ಏದುಸಿರು ಬಿಡುವುದೂ ಸಹಜ. ಅಂಥ ಪ್ರಯಾಣ ಪದೇ ಪದೇ ಇರುವವರು 1.2 ಲೀಟರಿನ ಎಂಜಿನ್ ಆರಿಸುವುದು ಮೇಲು.

ಬೆಂಗಳೂರಿನಂಥ ನಗರದ ವಾಹನಸಂದಣಿಯಲ್ಲಿ ದಿನವೂ ಹೋಗಿಬರುವವರ ಎಡಗಾಲಿಗೆ ಕ್ಲಚ್ ಒಂದು ಶಿಕ್ಷೆ. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶಕ್ಕೆ ಬಂದ ಕ್ಲಚ್‌ರಹಿತ ಗೇರುವ್ಯವಸ್ಥೆ ಈಗ ಹಲವು ಚಿಕ್ಕ ಕಾರುಗಳಲ್ಲಿ ದೊರೆಯುತ್ತದೆ. ಗೇರು ಬದಲಾಗುವಾಗ ಸಣ್ಣದೊಂದು ಜಗ್ಗುವಿಕೆ ಉಂಟು. ಅದನ್ನು ಸಹಿಸಬಹುದೇ ಎಂಬುದನ್ನು ಓಡಿಸಿಯೇ ತಿಳಿಯಬೇಕು.

ಮೈಲೇಜಿನ ಮಾಯೆ

“ಎಷ್ಟು ಕೊಡುತ್ತದೆ?” – ನಮ್ಮವರು ಕಾರಿನ ಬಗ್ಗೆ ಕೇಳುವ ಮೊದಲ ಪ್ರಶ್ನೆಯೇ ಇದು. ಕಾರ್ಖಾನೆಯವರು ಪ್ರಕಟಿಸುವ ಲೀಟರಿಗೆ 24, 25 ಕಿಲೋಮೀಟರ್ ಎಂಬ ಅಂಕಿಗಳು ಪ್ರಯೋಗಾಲಯದಲ್ಲಿ ದೊರೆತವು. ನಗರದ ಸಿಗ್ನಲ್ಲುಗಳ ನಡುವೆ ಅಷ್ಟು ದೊರೆಯದು. ಇರಲಿ; ಒಂದು ಕಾರು ರಸ್ತೆಯಲ್ಲಿ 18 ಕಿಲೋಮೀಟರ್, ಇನ್ನೊಂದು 22 ಕೊಡುವುದೆಂದು ಭಾವಿಸೋಣ. ಲೆಕ್ಕಕ್ಕೆ ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರಿಗೆ ಇವೆರಡರ ಅಂತರ ಸುಮಾರು ಹತ್ತು ಸಾವಿರ ರೂಪಾಯಿ. ದೇವಸ್ಥಾನ, ಮದುವೆ, ಆಸ್ಪತ್ರೆ ಎಂದು ವರ್ಷಕ್ಕೆ 4,000 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಅದು ನಾಲ್ಕು ಸಾವಿರ. ಅಂದರೆ ತಿಂಗಳಿಗೆ ಮುನ್ನೂರು ಚಿಲ್ಲರೆ. ಇಷ್ಟಕ್ಕಾಗಿ ಸುರಕ್ಷತೆಯನ್ನೋ ಸ್ಥಳವನ್ನೋ ಬಿಟ್ಟುಕೊಡುವುದು ಸರಿಯೇ?

ಸಿ.ಎನ್.ಜಿ. ಅನಿಲದ ಕಾರಿಗೂ ಇದೇ ತಕ್ಕಡಿ. ಅದಕ್ಕೆ ಪೆಟ್ರೋಲ್ ಕಾರಿಗಿಂತ ತೊಂಬತ್ತು ಸಾವಿರ ಹೆಚ್ಚು ಕೊಟ್ಟಿರೆಂದೂ, ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯಿತೆಂದೂ ಇಟ್ಟುಕೊಳ್ಳಿ. ಕೊಟ್ಟ ಹಣ ಹಿಂದಿರುಗಲು 45,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 15,000 ಓಡಿಸುವವರಿಗೆ ಇದು ಮೂರು ವರ್ಷದ ಮಾತು. 4,500 ಓಡಿಸುವವರಿಗೆ ಹತ್ತು ವರ್ಷದ ಮಾತು! ಜೊತೆಗೆ ಅನಿಲದ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ನುಂಗುತ್ತದೆ. ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ತಳದಲ್ಲಿ ಅಡಗಿಸುವ ಉಪಾಯವನ್ನು ಟಾಟಾ ಕಂಪನಿ 2023ರಲ್ಲಿ ಹೊರತಂದ ಮೇಲೆ ಈ ತೊಂದರೆ ಕೆಲಮಟ್ಟಿಗೆ ಕಡಿಮೆಯಾಯಿತು. ನಿಮ್ಮ ದಾರಿಯಲ್ಲಿ ಅನಿಲದ ಬಂಕು ಎಲ್ಲಿದೆ, ಅಲ್ಲಿ ಸಾಲು ಎಷ್ಟುದ್ದ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ವಿದ್ಯುತ್ ಕಾರು ನಮ್ಮ ನಾಡಿಗೆ ಹೊಸದಲ್ಲ. ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದಿತ್ತು. ಸ್ವಂತ ಮನೆಯಲ್ಲಿ ಚಾರ್ಜು ಮಾಡುವ ಅನುಕೂಲವಿದ್ದು, ದಿನವೂ ನಿಶ್ಚಿತ ದೂರ ಓಡಾಡುವವರಿಗೆ ಅದರ ಓಟದ ಖರ್ಚು ತೀರ ಕಡಿಮೆ. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿದ್ದು, ಕಾರನ್ನು ಬೀದಿಯಲ್ಲಿ ನಿಲ್ಲಿಸುವವರಿಗೆ ಅದು ತಲೆನೋವೇ ಸರಿ.

ನಕ್ಷತ್ರಗಳ ಲೆಕ್ಕ

ಇಷ್ಟು ಹೊತ್ತು ಹಣದ ಮಾತಾಯಿತು. ಹಣದಲ್ಲಿ ಅಳೆಯಲಾಗದ್ದು ಪ್ರಾಣ. ಜಾತಕದ ನಕ್ಷತ್ರ ನೋಡಿ ಕಾರಿನ ಮುಹೂರ್ತ ಇಡುವವರು ಕಾರಿನ ನಕ್ಷತ್ರವನ್ನೂ ನೋಡುವುದು ಒಳ್ಳೆಯದು. ಕಾರಿನ ಮುಂಭಾಗದ ಒಂದು ಪಾರ್ಶ್ವವನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಅಪ್ಪಳಿಸಿ, ಒಳಗೆ ಕೂರಿಸಿದ ಬೊಂಬೆಗಳಿಗಾದ ಪೆಟ್ಟನ್ನು ಅಳೆದು ಈ ನಕ್ಷತ್ರಗಳನ್ನು ಕೊಡುತ್ತಾರೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಗಳಲ್ಲಿ ದೊಡ್ಡವರ ರಕ್ಷಣೆಗೆ ಟಿಯಾಗೊ 2020ರಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 2023ರಲ್ಲಿ ಆಲ್ಟೊ ಕೆ-10ಕ್ಕೆ ಎರಡು, ವ್ಯಾಗನ್-ಆರ್‌ಗೆ ಒಂದು ನಕ್ಷತ್ರ ದೊರೆಯಿತು. ನಡುವೆ, 2022ರಲ್ಲಿ, ಪರೀಕ್ಷೆಯ ನಿಯಮಗಳು ಇನ್ನಷ್ಟು ಬಿಗಿಯಾದದ್ದರಿಂದ ಇವನ್ನು ನೇರವಾಗಿ ಒಂದಕ್ಕೊಂದು ತೂಗುವುದು ನ್ಯಾಯವಲ್ಲ. 2025ರಲ್ಲಿ ಮಾರುತಿ ಕಂಪನಿಯವರು ಈ ಎರಡು ಕಾರುಗಳಲ್ಲೂ ಆರು ಏರ್‌ಬ್ಯಾಗ್‌ಗಳನ್ನು ಅಳವಡಿಸಿದರು. ಇದು ಸ್ವಾಗತಾರ್ಹವೇ. ಆದರೂ ಏರ್‌ಬ್ಯಾಗಿನ ಸಂಖ್ಯೆಯೇ ಎಲ್ಲವೂ ಅಲ್ಲ. ಕಾರಿನ ಕವಚ ಗಟ್ಟಿಯಾಗಿ ನಿಂತಾಗ ಮಾತ್ರ ಅವುಗಳ ಪೂರ್ಣ ಪ್ರಯೋಜನ.

2023ರ ಅಕ್ಟೋಬರ್ ಒಂದರಿಂದ ನಮ್ಮ ಸರಕಾರದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂದಿತು. ಅದರಲ್ಲಿ ದೊಡ್ಡವರ ರಕ್ಷಣೆಗೊಂದು, ಮಕ್ಕಳ ರಕ್ಷಣೆಗೊಂದು ಎಂದು ಎರಡು ಬಗೆಯ ಅಂಕಗಳಿವೆ. ಮಕ್ಕಳಿರುವ ಮನೆಯವರು ಎರಡನೆಯದನ್ನು ಕೇಳಲು ಮರೆಯಬಾರದು. ನೀವು ಆರಿಸಿದ ಕಾರಿಗೆ ಪರೀಕ್ಷೆ ನಡೆದಿದೆಯೇ, ಯಾವ ವರ್ಷ, ಎಷ್ಟು ಏರ್‌ಬ್ಯಾಗ್ ಇದ್ದ ಮಾದರಿಗೆ – ಈ ಮೂರು ಪ್ರಶ್ನೆಗಳನ್ನು ಮಾರಾಟಗಾರನ ಮುಂದಿಡಿ.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಬೆಲ್ಟು ಹಾಕದಿದ್ದರೆ ಎಲ್ಲವೂ ವ್ಯರ್ಥ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಸುನೀಗಿದಾಗ ಅವರು ಕುಳಿತಿದ್ದುದು ಬಹು ದುಬಾರಿಯಾದ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡು ಬದುಕಿದರು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ಕಾನೂನೇ ಹೇಳುತ್ತದೆ. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವ ವಾಡಿಕೆಯನ್ನು ಇನ್ನಾದರೂ ಬಿಡೋಣ.

ಕೊಳ್ಳುವ ಕಾಲ

ಬೆಲೆ ಕಡಿಮೆಯಾಗುವ ಕಾಲವೂ ಒಂದಿದೆ. ಆಷಾಢದಲ್ಲಿ ಹೊಸ ವಸ್ತು ಕೊಳ್ಳಬಾರದೆಂಬ ನಂಬಿಕೆಯಿಂದ ಅಂಗಡಿಗಳು ಬಿಕೋ ಎನ್ನುತ್ತವೆ. ಆಗ ರಿಯಾಯಿತಿಗಳು ತಾವಾಗಿಯೇ ಬರುತ್ತವೆ. ಡಿಸೆಂಬರಿನಲ್ಲೂ ಹಾಗೆಯೇ. ಆದರೆ ವರ್ಷದ ಕೊನೆಯಲ್ಲಿ ಕೊಂಡ ಕಾರು ಕೆಲವೇ ದಿನಗಳಲ್ಲಿ ‘ಹಿಂದಿನ ವರ್ಷದ್ದು’ ಎನಿಸಿ, ಮರಳಿ ಮಾರುವಾಗ ಬೆಲೆ ಇಳಿಯುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಮೂರು ವರ್ಷಕ್ಕೆ ಮಾರುವವರಿಗೆ ಉಂಟು.

ಬೆಲೆಯ ಪಟ್ಟಿಯನ್ನು ಬಾಬುವಾರು ಬರೆಸಿಕೊಳ್ಳಿ. ಅರ್ಥವಾಗದ ಪ್ರತಿಯೊಂದು ಶುಲ್ಕಕ್ಕೂ ಕಾರಣ ಕೇಳಿ. ಮನೆಯವರೆಲ್ಲರೂ ಹೋಗಿ, ಎಲ್ಲರೂ ಕೂತು, ಉಬ್ಬು ತಗ್ಗಿನ ರಸ್ತೆಯಲ್ಲಿ ಓಡಿಸಿ ನೋಡಿ. ಹಣ ಪೂರ್ತಿ ಕೊಡುವ ಮುನ್ನ ಹಗಲು ಬೆಳಕಿನಲ್ಲಿ ಕಾರನ್ನು ಸುತ್ತಿ ನೋಡಿ. ತಯಾರಾದ ತಿಂಗಳನ್ನು ಕಾಗದದಲ್ಲಿ ಪರೀಕ್ಷಿಸಿ. ಮನೆಗೆ ಹತ್ತಿರದ ಸರ್ವಿಸ್ ಕೇಂದ್ರ ಎಷ್ಟು ದೂರವೆಂದು ತಿಳಿದುಕೊಳ್ಳಿ. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದ ಕಾರು ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ.

ಇದೆಲ್ಲ ಮುಗಿದು, ಹೂಮಾಲೆ ಹಾಕಿ, ಕುಂಕುಮವಿಟ್ಟು, ನಾಲ್ಕು ಚಕ್ರಗಳಡಿ ನಿಂಬೆಹಣ್ಣಿಟ್ಟು ಕಾರು ಹೊರಡುವ ಆ ಶುಭ ಗಳಿಗೆಯಲ್ಲಿ, ಕೀಲಿ ತಿರುಗಿಸುವ ಮುನ್ನ ಒಮ್ಮೆ ಹಿಂದಿರುಗಿ ನೋಡಿ: ಹಿಂದಿನ ಸೀಟಿನಲ್ಲಿರುವ ಅಜ್ಜಿಯೂ ಮೊಮ್ಮಗಳೂ ಬೆಲ್ಟು ಹಾಕಿಕೊಂಡಿದ್ದಾರೆಯೇ?