ಇರುಳಿನಲ್ಲಿ ಚಪ್ಪಟೆ ಮೀನಿನ ಬೇಟೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ರಾಕ್‌ಪೋರ್ಟ್ ಎಂಬ ಊರಿನ ಬಳಿಯ ಕೊಲ್ಲಿಗಳಲ್ಲಿ, ಕತ್ತಲಾದೊಡನೆ ದೀಪ ಹೊತ್ತ ಚಪ್ಪಟೆ ತಳದ ದೋಣಿಗಳು ಮೊಣಕಾಲುದ್ದದ ನೀರಿನಲ್ಲಿ ಮೆಲ್ಲನೆ ಸಾಗುತ್ತವೆ. ಹಣ ತೆತ್ತು ಬಂದವರು ಈಟಿ ಹಿಡಿದು ಮುಂದೆ ನಿಲ್ಲುವರು. ದೋಣಿ ನಡೆಸುವ ಮಾರ್ಗದರ್ಶಿ ನೀರಿನ ತಳವನ್ನೇ ದಿಟ್ಟಿಸುತ್ತಿರುವನು. ಇದು ಫ್ಲೌಂಡರ್ ಮೀನಿನ ಬೇಟೆ.

ಕನ್ನಡ ಕರಾವಳಿಯ ನಂಗು ಮೀನನ್ನು ಬಲ್ಲವರಿಗೆ ಇದರ ಆಕಾರ ಹೊಸದಲ್ಲ. ಮರಿಯಾಗಿದ್ದಾಗ ತಲೆಯ ಎರಡು ಬದಿಗೂ ಒಂದೊಂದು ಕಣ್ಣು; ಬೆಳೆದಂತೆ ಬಲಗಣ್ಣು ಸರಿದು ಎಡಬದಿಗೇ ಬಂದುಬಿಡುತ್ತದೆ! ಬಳಿಕ ಅದು ತಳದಲ್ಲಿ ಮಲಗಿ, ಮರಳಿನ ಬಣ್ಣವನ್ನೇ ತಳೆದು, ಸಿಗಡಿಗಾಗಿ ಹೊಂಚುಹಾಕುತ್ತದೆ. ಹೊಸಬರಿಗೆ ಕಾಣುವುದು ಬರಿಯ ಮರಳು. ಮಾರ್ಗದರ್ಶಿಗೆ ಮೀನಿನ ಅಂಚು ಕಾಣುತ್ತದೆ. (ಅದೇ ಮರಳಿನಲ್ಲಿ ಮುಳ್ಳುಬಾಲದ ತೊರಕೆಯೂ ಮಲಗಿರುವುದುಂಟು, ನೀರಿಗಿಳಿಯದಿರುವುದೇ ಲೇಸು.)

ಗಾಳಕ್ಕೆ ಸಿಕ್ಕ ಮೀನನ್ನು ಮರಳಿ ನೀರಿಗೆ ಬಿಡಬಹುದು. ಈಟಿ ನಾಟಿದುದನ್ನು ಬಿಟ್ಟು ಫಲವಿಲ್ಲ. 15 ಅಂಗುಲಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳುವುದು ಅಲ್ಲಿ ಅಪರಾಧ. ಆದುದರಿಂದ ಹೊಡೆಯುವ ಮೊದಲೇ ಅಳತೆಯನ್ನು ಕಣ್ಣಂದಾಜಿನಿಂದ ಅರಿಯಬೇಕು. ಸಂದೇಹವಾದರೆ ಎತ್ತಿದ ಕೈಯನ್ನು ತಡೆಯಬೇಕು. ಹೊಡೆಯುವುದಕ್ಕಿಂತ ಇದೇ ಕಠಿನವೆಂದು ನಮಗೆ ತೋರುತ್ತದೆ.

ಈ ಮೀನಿನ ಸಂಖ್ಯೆ ಇಳಿದುದರಿಂದ 2021ರಲ್ಲಿ ಮತ್ತೊಂದು ಕಟ್ಟಳೆ ಜಾರಿಗೆ ಬಂದಿತು. ಮೊಟ್ಟೆಯಿಡಲು ಅವು ಕೊಲ್ಲಿಯಿಂದ ಕಡಲಿಗೆ ಹೊರಡುವ ಕಾಲದಲ್ಲಿ, ಎಂದರೆ ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ, ಯಾರೂ ಅವುಗಳ ಮೇಲೆ ಈಟಿಯೆತ್ತುವಂತಿಲ್ಲ.